ಹೊಸ ಬಡಾವಣೆಯಲ್ಲಿ ಊರಿನ ಇತಿಹಾಸದ ಕಾರ್ಯಕ್ರಮ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಇದು: "ಈ ಸಲ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬದಲು ನಮ್ಮ ಏರಿಯಾದ ಇತಿಹಾಸದ ಬಗ್ಗೆ ಏನಾದರೂ ಮಾಡೋಣ ಅಂತಿದ್ದೇವೆ. ಆದರೆ ನಾವಿರೋದು ಬೆಂಗಳೂರಿನ ಹೊಸ ಬಡಾವಣೆ. ಇಲ್ಲಿ ಇತಿಹಾಸ ಅಂತ ಏನಿರುತ್ತೆ? ಜನ ಬರ್ತಾರಾ?"

ಬರ್ತಾರೆ. ಆದರೆ ಶಾಮಿಯಾನ ಹಾಕಿಸಿ, ಕುರ್ಚಿ ಜೋಡಿಸಿ, ಭಾಷಣಕಾರರನ್ನು ಕರೆಸಬೇಡಿ. ನಿಮಗೆ ಹತ್ತಿರ ಇರೋ ಒಂದು ಶಾಸನವನ್ನೋ ವೀರಗಲ್ಲನ್ನೋ ಹುಡುಕಿ, ಜನರನ್ನು ಅದರ ಮುಂದೆ ನಿಲ್ಲಿಸಿ. ಶಾಸನ ತೋರಿಸುವ ನಡಿಗೆಗಳಲ್ಲಿ ನಾನು ಬಿಡುವಿದ್ದಾಗಲೆಲ್ಲ ಕೈಜೋಡಿಸುತ್ತೇನೆ. ಕಲ್ಲಿನ ಮುಂದೆ ನಿಂತವರು ಕೇಳುವಷ್ಟು ಪ್ರಶ್ನೆ ಸಭೆಯಲ್ಲಿ ಕೂತವರು ಕೇಳಿದ್ದು ನಾನು ನೋಡಿಲ್ಲ.

ನಿಮ್ಮ ಬಡಾವಣೆ ಹೊಸದಿರಬಹುದು, ಅದರಡಿಯ ಊರು ಹಳೆಯದೇ. ಬೇಗೂರನ್ನೇ ನೋಡಿ. ಸುತ್ತ ಅಪಾರ್ಟ್‌ಮೆಂಟುಗಳು. ನಡುವೆ ನಾಗೇಶ್ವರ ದೇವಸ್ಥಾನ. ಅಲ್ಲಿನ ವೀರಗಲ್ಲು ಸುಮಾರು ಕ್ರಿ.ಶ. 890ರದ್ದು. ಅದರಲ್ಲಿ 'ಬೆಂಗಳೂರ ಕಾಳೆಗ'ದ ಮಾತಿದೆ. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ ಅಂತ ಓದಿಕೊಂಡು ಬಂದವರು, ಅದಕ್ಕಿಂತ 600 ವರ್ಷಕ್ಕೂ ಹಿಂದಿನ ಕಲ್ಲಿನಲ್ಲಿ ತಮ್ಮ ಊರಿನ ಹೆಸರಿದೆ ಅಂತ ಗೊತ್ತಾದ ಮೇಲೆ ಬೇಗ ಅಲ್ಲಿಂದ ಕದಲುವುದಿಲ್ಲ. ಹೆಬ್ಬಾಳದ ಕಥೆ ಇನ್ನೂ ಹಳೆಯದು. ಗಂಗ ವಂಶದ ರಾಜ ಶ್ರೀಪುರುಷನ ಕಾಲ, ಅಂದರೆ ಸುಮಾರು ಕ್ರಿ.ಶ. 750. ಊರಿನ ಮೇಲೆ ಬಿದ್ದವರ ಜೊತೆ ಹೋರಾಡಿ ಸತ್ತ ಕಿತ್ತಯ್ಯ ಅನ್ನುವವನ ಕಲ್ಲು ಅದು. 2018ರವರೆಗೆ ಅದು ಯಾರ ಗಮನಕ್ಕೂ ಬರದೆ ಬಿದ್ದಿತ್ತು. ಈಗ ಅದಕ್ಕೊಂದು ಮಂಟಪ ಇದೆ. ಮಲ್ಲೇಶ್ವರದವರಾದರೆ ಕಾಡು ಮಲ್ಲೇಶ್ವರ ದೇವಸ್ಥಾನದ 1669ರ ಶಾಸನ ನೋಡಬಹುದು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ತಮಿಳು ಶಾಸನಗಳೇ ಇವೆ. ಅವೂ ನಮ್ಮೂರಿನ ಇತಿಹಾಸವೇ, ಅಲ್ವಾ? ಅದನ್ನೂ ಅಷ್ಟೇ ಪ್ರೀತಿಯಿಂದ ತೋರಿಸಿ.

ನಿಮ್ಮ ಹತ್ತಿರ ಏನಿದೆ ಅಂತ ತಿಳಿಯೋಕೆ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟ ತೆರೆಯಿರಿ. 1905ರಲ್ಲಿ ಬಂದದ್ದು, ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ತಾಲ್ಲೂಕು, ಹಳ್ಳಿ ಪ್ರಕಾರ ಜೋಡಿಸಿದ್ದಾರೆ. ನಿಮ್ಮ ಬಡಾವಣೆ ಯಾವ ಹಳ್ಳಿಯ ಸರ್ವೆ ನಂಬರಿನಲ್ಲಿದೆ ಅಂತ ಸೈಟಿನ ಪತ್ರದಲ್ಲೇ ಇರುತ್ತೆ. ಆ ಹಳ್ಳಿಯ ಹೆಸರು ಹಿಡಿದು ಹುಡುಕಿ. ಜೊತೆಗೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ಇಳಿಸಿಕೊಳ್ಳಿ. ಕೆರೆ, ಕಾಲುವೆ, ಬಂಡಿದಾರಿ ಎಲ್ಲ ಅದರಲ್ಲಿ ಕಾಣುತ್ತವೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ನೇತು ಹಾಕಿದರೆ, ತಮ್ಮ ಮನೆ ಎಲ್ಲಿ ಬರುತ್ತೆ ಅಂತ ಎಲ್ಲರೂ ಬೆರಳಿಟ್ಟು ಹುಡುಕ್ತಾರೆ.

ಇನ್ನು ಹೊತ್ತು. ಸವೆದ ಅಕ್ಷರ ಮಧ್ಯಾಹ್ನದ ಬಿಸಿಲಲ್ಲಿ ಕಾಣುವುದೇ ಇಲ್ಲ. ಬೆಳಗ್ಗೆ ಬೇಗ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಇಲ್ಲವೇ ಸಂಜೆ ಕತ್ತಲಾದ ಮೇಲೆ ಹೋಗಿ, ಕಲ್ಲಿನ ಪಕ್ಕಕ್ಕೆ ತಾಗಿಸಿದ ಹಾಗೆ ಟಾರ್ಚ್ ಹಿಡಿಯಿರಿ. ಮುಂದಿನಿಂದಲ್ಲ, ಪಕ್ಕದಿಂದ. ಬರೀ ಬಂಡೆ ಅಂದುಕೊಂಡಿದ್ದ ಕಡೆ ಸಾಲು ಸಾಲಾಗಿ ಅಕ್ಷರ ಏಳುತ್ತವೆ. ಸೀಮೆಸುಣ್ಣ ತಿಕ್ಕೋದು, ಎಣ್ಣೆ ಹಚ್ಚೋದು, ತಂತಿ ಬ್ರಷ್ ಹಾಕೋದು ಯಾವುದೂ ಬೇಡ.

ಮಕ್ಕಳಿಗೆ ಹಳೇ ಅಕ್ಷರಗಳ ಒಂದು ಹಾಳೆ ಮಾಡಿ ಕೊಡಿ, ಪ್ರತಿಯೊಂದರ ಕೆಳಗೆ ಈಗಿನ ಅಕ್ಷರ ಇರಲಿ. ಎಷ್ಟೋ ಶಾಸನಗಳು 'ಸ್ವಸ್ತಿ ಶ್ರೀ' ಅಂತ ಶುರುವಾಗುತ್ತವೆ. ಆ 'ಶ್ರೀ' ಹುಡುಕೋಕೆ ಬಿಡಿ ಸಾಕು. ವೀರಗಲ್ಲಾದರೆ ಕೆಳಗಿನಿಂದ ಮೇಲಕ್ಕೆ ಓದಿಸಿ. ಕೆಳಗೆ ಯುದ್ಧ, ಅದರ ಮೇಲೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲ್ಗಡೆ ಅವನು ಶಿವಲಿಂಗದ ಸನ್ನಿಧಿಯಲ್ಲಿ. ಸಾಮಾನ್ಯವಾಗಿ ಇದೇ ಕ್ರಮ. ದಾನದ ಶಾಸನವಾದರೆ ಕೊನೆಯ ಶಾಪವನ್ನು ಗಟ್ಟಿಯಾಗಿ ಓದಿ. ಈ ಧರ್ಮವನ್ನು, ಅಂದರೆ ದಾನವನ್ನು, ಕೆಡಿಸಿದವರಿಗೆ ಕವಿಲೆ (ಹಸು) ಕೊಂದ ಪಾಪ ಬರಲಿ ಅನ್ನೋ ಮಾತು ಬಂದರೆ ಮಕ್ಕಳು ಕಣ್ಣರಳಿಸಿ ಕೇಳ್ತಾರೆ.

ಕಲ್ಲು ದೇವಸ್ಥಾನದೊಳಗಿದ್ದರೆ ಅರ್ಚಕರನ್ನು, ಆಡಳಿತ ನೋಡಿಕೊಳ್ಳುವವರನ್ನು ಮೊದಲೇ ಕೇಳಿ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗಬಹುದು. ಓದಿ ಹೇಳುವವರು ಬೇಕಾದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲಿ ವಿಚಾರಿಸಿ. 1909ರಲ್ಲಿ ಶುರುವಾದ ಸಂಸ್ಥೆ ಅದು. ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಸುವ ಕೆಲಸವನ್ನೂ ಕೈಗೆತ್ತಿಕೊಂಡಿದೆ.

ದಯವಿಟ್ಟು ಹಳೇ ಊರಿನವರನ್ನು ಮರೆಯಬೇಡಿ. ನಿಮ್ಮ ಸೈಟುಗಳಲ್ಲಿ ರಾಗಿ ಬೆಳೆದವರು ಆ ಊರಿನ ಒಳಬೀದಿಗಳಲ್ಲಿ ಈಗಲೂ ಇರ್ತಾರೆ. ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ಅವರ ಮನೆಗೆ ಹೋಗಿ ಕರೆಯಿರಿ. ಸನ್ಮಾನ, ಶಾಲು, ಹಾರ ಅಂತ ದೂರ ಕೂರಿಸದೆ, ನಡಿಗೆಯಲ್ಲಿ ಅವರೇ ಮುಂದೆ ಇರಲಿ. ಕೆರೆ ಕೋಡಿ ಬಿದ್ದಾಗ ನೀರು ಯಾವ ಕಡೆ ಹೋಗ್ತಿತ್ತು ಅನ್ನೋದು ಅವರಿಗೆ ಗೊತ್ತು. ಮಳೆಗಾಲದಲ್ಲಿ ನಿಮ್ಮ ಬೇಸ್‌ಮೆಂಟಿಗೆ ನೀರು ಯಾಕೆ ನುಗ್ಗುತ್ತೆ ಅನ್ನೋದಕ್ಕೂ ಉತ್ತರ ಅಲ್ಲೇ ಸಿಗಬಹುದು. ಅವರು ಹಳೇ ಫೋಟೋ ತಂದರೆ ಅಲ್ಲೇ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಹೆಸರು ಬರೆದುಕೊಂಡು, ತಕ್ಷಣ ವಾಪಸ್ ಕೊಡಿ.

ಅವತ್ತು ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಲೇಬೇಕು: ಶಾಸನದ ಕೆಳಗೆ ನಿಧಿ ಇರುವುದಿಲ್ಲ. ಆ ಆಸೆಗೆ ಜನ ರಾತ್ರಿ ಅಗೆದು ಒಡೆದ ಕಲ್ಲುಗಳು ಬೇಕಾದಷ್ಟಿವೆ. ಅದರಲ್ಲಿ ಏನು ಬರೆದಿದೆ ಅಂತ ಪೂರ್ತಿ ಓದಿ ಹೇಳಿ. ಅರ್ಥವನ್ನು ಒಂದು ಹಲಗೆಯಲ್ಲಿ ಬರೆಸಿ, ಕಲ್ಲಿಗೆ ಮೊಳೆ ಹೊಡೆಯದೆ ಪಕ್ಕದಲ್ಲಿ ನಿಲ್ಲಿಸಿ. ಆಮೇಲೆ ರಸ್ತೆ ಅಗಲ ಮಾಡೋಕೆ, ಚರಂಡಿ ತೋಡೋಕೆ ಜೆಸಿಬಿ ಬಂದ ದಿನ ಯಾರು ಓಡಿಬರ್ತಾರೆ ಅಂತ ಈಗಲೇ ಮಾತಾಡಿಕೊಳ್ಳಿ. ಪಕ್ಕದ ಅಂಗಡಿಯವರ ನಂಬರ್ ತಗೊಂಡು, ನಿಮ್ಮ ನಂಬರ್ ಅವರಿಗೆ ಕೊಟ್ಟು ಬನ್ನಿ.