ಗಾಳಿ ಮಳೆ ಇಲ್ಲದ ಚಂದ್ರನಲ್ಲಿ ದೂಳು ಹೇಗೆ ಬಂತು?

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಶಾಲೆಯೊಂದರ ಅಕ್ಕೋರು ಬರೆದಿದ್ದಾರೆ: "ಚಂದ್ರನಲ್ಲಿ ಗಾಳಿ ಇಲ್ಲ, ಮಳೆ ಇಲ್ಲ ಅಂತ ಪಾಠ ಮಾಡಿದೆ. ಹಾಗಾದ್ರೆ ಅಷ್ಟು ದೂಳು ಎಲ್ಲಿಂದ ಬಂತು ಅಂತ ಏಳನೇ ತರಗತಿ ಹುಡುಗಿ ಕೇಳಿದಳು. ಆಕಾಶದಿಂದ ಉದುರಿದ್ದು ಅಂದೆ. ಸರಿಯೇ? ಅದರಲ್ಲಿ ಜೋಳ ಬೆಳೀತದಾ ಅಂತಲೂ ಕೇಳಿದ್ದಾಳೆ."

ಅಕ್ಕೋರೆ, ನಿಮ್ಮ ಉತ್ತರ ಅರ್ಧ ಸರಿ. ಚಂದ್ರನ ದೂಳಿನಲ್ಲಿ ಹೊರಗಿನಿಂದ ಬಂದ ಪಾಲು ನೂರಕ್ಕೆ ಒಂದೆರಡು ಅಷ್ಟೇ. ಉಳಿದದ್ದೆಲ್ಲ ಚಂದ್ರನದೇ ಕಲ್ಲು. ಆದರೆ ಆ ಕಲ್ಲನ್ನು ಪುಡಿ ಮಾಡಿದ್ದು ಮಾತ್ರ ಆಕಾಶದಿಂದ ಬಿದ್ದದ್ದೇ.

ಬಾಹ್ಯಾಕಾಶದಲ್ಲಿ ಉಲ್ಕೆಯ ಚೂರುಗಳು ಸದಾ ಓಡಾಡುತ್ತಿರುತ್ತವೆ. ಬಹಳಷ್ಟು ಮರಳಿನ ಕಣಕ್ಕಿಂತ ಸಣ್ಣವು. ಅವುಗಳ ವೇಗ ಸೆಕೆಂಡಿಗೆ ಹತ್ತಾರು ಕಿಲೋಮೀಟರ್. ಭೂಮಿಗೆ ಬಂದರೆ ಹೆಚ್ಚಿನವು ಗಾಳಿಯಲ್ಲೇ ಉರಿದುಹೋಗುತ್ತವೆ ಇಲ್ಲವೇ ವೇಗ ಕಳೆದುಕೊಳ್ಳುತ್ತವೆ. ಚಂದ್ರನಿಗೆ ಆ ರಕ್ಷಣೆ ಇಲ್ಲ. ಒಂದೊಂದು ಚೂರೂ ಪೂರ್ತಿ ವೇಗದಲ್ಲೇ ನೆಲಕ್ಕೆ ಬಡಿಯುತ್ತದೆ. ಕಲ್ಲು ಒಡೆಯುತ್ತದೆ, ಒಂದಿಷ್ಟು ಕರಗಿ ಗಾಜಾಗುತ್ತದೆ, ಆ ಗಾಜು ಸುತ್ತಲಿನ ಪುಡಿಯನ್ನು ಅಂಟಿಸಿಕೊಂಡು ಗಟ್ಟಿಯಾಗುತ್ತದೆ. ಮುಂದಿನ ಪೆಟ್ಟಿಗೆ ಅದೂ ಚೂರು. 400 ಕೋಟಿ ವರ್ಷಕ್ಕೂ ಜಾಸ್ತಿ ಕಾಲದಿಂದ ಇದೇ ನಡೆದಿದೆ. ಹಗಲು ಸುಮಾರು 120 ಡಿಗ್ರಿ ಬಿಸಿ, ರಾತ್ರಿ ಸೊನ್ನೆಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗೆ. ಈ ಏರಿಳಿತವೂ ಬಂಡೆಗಳನ್ನು ಬಿರುಕು ಬಿಡಿಸುತ್ತದೆ.

ಮಕ್ಕಳಿಗೆ ನಿಮ್ಮೂರಿನ ಎರಿ ಹೊಲವನ್ನೇ ತೋರಿಸಿ. ಹುಣ್ಣಿಮೆ ಚಂದ್ರನಲ್ಲಿ ಮೊಲದ ಹಾಗೆ ಕಾಣುವ ಕಪ್ಪು ಭಾಗ ಇದೆಯಲ್ವಾ, ಅದು ಲಾವಾ ಆರಿ ಆದ ಬಸಾಲ್ಟ್ ಕಲ್ಲು. ಗೋಳಗುಮ್ಮಟ ಕಟ್ಟಿದ್ದೂ ಬಸಾಲ್ಟ್ ಕಲ್ಲಿನಲ್ಲೇ. ನಮ್ಮಲ್ಲಿ ಅದೇ ಜಾತಿಯ ಕಲ್ಲು ಮಳೆಗೆ ನೆನೆದು, ಕೊಳೆತು, ಜಿಗುಟಾದ ಎರಿ ಮಣ್ಣಾಯಿತು. ಚಂದ್ರನಲ್ಲಿ ಹರಿಯುವ ನೀರಿಲ್ಲ, ಹಾಗಾಗಿ ಜಿಗುಟಿಲ್ಲ. ಉಜ್ಜಿ ನುಣುಪು ಮಾಡುವ ಗಾಳಿಯೂ ಇಲ್ಲದ್ದರಿಂದ ಕಣಗಳ ಅಂಚು ಚೂಪಾಗಿಯೇ ಉಳಿದಿದೆ.

ಈ ಚೂಪಿನಿಂದ ಗಗನಯಾತ್ರಿಗಳಿಗೆ ಬಹಳ ತೊಂದರೆಯಾಗಿದೆ. 1972ರಲ್ಲಿ ಅಮೆರಿಕದ ಅಪೊಲೊ 17 ನೌಕೆಯಲ್ಲಿ ಚಂದ್ರನಿಗೆ ಹೋದ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್, ಬಟ್ಟೆಗೆ ಅಂಟಿಕೊಂಡು ಒಳಗೆ ಬಂದ ದೂಳಿನಿಂದ ಮೂಗು ಕಟ್ಟಿ ಒದ್ದಾಡಿದರು. ಸುಟ್ಟ ಸಿಡಿಮದ್ದಿನ ವಾಸನೆ ಬರುತ್ತದೆ ಎಂದೂ ಯಾತ್ರಿಗಳು ಹೇಳಿದ್ದಾರೆ. ನಮ್ಮ ಚಂದ್ರಯಾನ-3 2023ರ ಆಗಸ್ಟ್ 23ರಂದು ಇಳಿಯುವಾಗ ಸುಮಾರು 2 ಟನ್ ದೂಳು-ಮಣ್ಣನ್ನು ಚದುರಿಸಿತು ಎಂಬುದು ಇಸ್ರೋ ವಿಜ್ಞಾನಿಗಳ ಲೆಕ್ಕ. ದೂಳಿನ ಪದರ ಕಪ್ಪು ಬಯಲುಗಳಲ್ಲಿ ನಾಲ್ಕೈದು ಮೀಟರ್ ಇದ್ದರೆ, ಹಳೆಯ ಎತ್ತರದ ಭಾಗಗಳಲ್ಲಿ ಹತ್ತು ಮೀಟರ್ ದಾಟುತ್ತದೆ.

ಇನ್ನು ಜೋಳ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದವರು ಅಪೊಲೊ ತಂದ ಮಣ್ಣಿನಲ್ಲಿ ಸಾಸಿವೆ ಜಾತಿಯ ಪುಟ್ಟ ಗಿಡದ ಬೀಜ ಹಾಕಿದರು. ನೀರು, ಪೋಷಕಾಂಶ ಕೊಟ್ಟರು. ಮೊಳಕೆ ಬಂತು! ಆಮೇಲೆ ಬೇರು ಗಿಡ್ಡಾಗಿ, ಬೆಳವಣಿಗೆ ನಿಧಾನವಾಗಿ, ಕೆಲವು ಗಿಡ ಕೆಂಪಡರಿದವು. ಆ ಮಣ್ಣಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಸಗಣಿ ಗೊಬ್ಬರದಂಥ ಕೊಳೆತ ಪದಾರ್ಥವೂ ಇಲ್ಲ. ಇವನ್ನೆಲ್ಲ ನಾವೇ ಹಾಕದೆ ಅಲ್ಲಿ ತೆನೆ ಕಟ್ಟುವುದು ಕಷ್ಟ ಎಂದು ಹುಡುಗಿಗೆ ತಿಳಿಸಿ. ಮೊಳಕೆ ಬಂದದ್ದನ್ನು ಮಾತ್ರ ಮೊದಲು ಹೇಳಿ.

– ಸಂಪಾದಕ