ಮೆಣಸಿನ ಗಿಡದ ಎಲಿ ಮುದುಡ್ಲತ್ತಾವ ಅಂದ್ರಲ್ಲ, ಅದಕ್ಕ

ಮಾಳಗಿ ಮ್ಯಾಗಿನ ಕುಂಡದಾಗ ಮೆಣಸಿನ ಗಿಡದ ಎಲಿ ಮುದುಡ್ಲತ್ತಾವ, ಬೇವಿನ ಎಣ್ಣಿ ಹೊಡದ್ರ ಸುಟ್ಟಂಗ ಆದ್ವು ಅಂತ ಕೇಳೀರಲ್ರಿ, ಹೊಡದದ್ದು ಹಗಲಿನಾಗೇನು? ನಮ್ ಕಲಬುರಗಿ ಬ್ಯಾಸಿಗಿ ಬಿಸಲಾಗ ಎಣ್ಣಿ ಹೊಡದ್ರ ಎಲಿ ಕರದಂಗೇ ಆಗ್ತದ, ನಾನೂ ಹಿಂಗ ಮಾಡಿ ಆರು ಗಿಡ ಕಳ್ಕೊಂಡೀನಿ. ಹೊತ್ತು ಮುಳುಗಿದ ಮ್ಯಾಗ ಹೊಡೀರಿ. ಲೀಟರ್ ನೀರಿಗಿ 5 ಎಂಎಲ್ ಸಾಕು, ಆದ್ರ ಮೊದ್ಲ ಎಣ್ಣಿಗಿ ನಾಕ್ ಹನಿ ಲಿಕ್ವಿಡ್ ಸೋಪ್ ಹಾಕಿ ಕಲಸಿ ಆಮ್ಯಾಲ ನೀರು ಹಾಕ್ರಿ, ಇಲ್ಲಂದ್ರ ಎಣ್ಣಿ ಮ್ಯಾಗೇ ತೇಲ್ತದ, ಎಲ್ಲಾ ಒಂದೇ ಗಿಡಕ್ಕ ಬೀಳ್ತದ. ಎಲಿ ಕೆಳಗಿನ ಮಗ್ಗಲಿಗೂ ತಾಕ್ಬೇಕು, ಹುಳ ಕೂಡೋದೇ ಅಲ್ಲಿ.

ಎಲಿ ದೋಣಿ ಹಂಗ ಮ್ಯಾಕ ಮಡಚಿದ್ರ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ, ಕೆಳಗ ಬಾಗಿದ್ರ ಮೈಟ್ಸ್ ಅಂದ್ರ ನುಸಿ ಇರ್ಬೇಕು. ಕುಡಿ ಕೆಳಗ ಬಿಳಿ ಹಾಳಿ ಹಿಡದು ತಟ್ರಿ, ಕೂದಲದಷ್ಟು ಸಣ್ಣ ಹಳದಿ ಹುಳ ಹರದಾಡಿದ್ರ ಥ್ರಿಪ್ಸೇ. ಎಲಿ ಸಣ್ಣಾಗಿ ಗಿಡ ಗಿಡ್ಡಾಗಿ ನಿಂತದ ಅಂದ್ರ ವೈರಸ್ ಇರಬಹುದು, ಬಿಳಿ ನೊಣದಿಂದ ಹಬ್ತದ, ಅದಕ್ಕ ಔಷಧ ಇಲ್ಲ, ಕಿತ್ತು ದೂರ ಒಗೀರಿ.

ಮತ್ತ ಬರೇ ಎರಿ ಮಣ್ಣು ತುಂಬೀರೇನು? ಅದು ಒಣಗಿದ್ರ ಬಿರೀತದ, ನೀರು ಬದಿಗುಂಟ ಇಳದು ಹೋಗ್ತದ, ಬೇರಿಗಿ ಹನಿ ಸಿಗಂಗಿಲ್ಲ. ಕೆಂಪು ಮಣ್ಣು, ಕೊಳತ ಗೊಬ್ಬರ ಕೂಡಸ್ರಿ. ಮ್ಯಾಗ ತೊಗರಿ ಹೊಟ್ಟು ಎರಡು ಬೆರಳು ದಪ್ಪ ಹಾಸ್ರಿ, ತೊಗರಿ ನಾಡಿನಾಗ ಇದ್ದು ಕೋಕೋಪೀಟ್‌ಗ್ಯಾಕ (ತೆಂಗಿನ ನಾರಿನ ಪುಡಿಗಿ) ರೊಕ್ಕ ಹಾಕ್ತೀರಿ! ಕಾಂಡಕ್ಕ ಮಾತ್ರ ತಾಕಸಬ್ಯಾಡ್ರಿ, ತೊಯ್ದ್ರ ಬೂಷ್ಟು ಹಿಡೀತದ. ಎಲಿ ಫೋಟೋ ಹಾಕ್ರಿ, ನೋಡೋಣು.