ಮುಖಂಡರ ಮನೆಗಲ್ಲ, ಮೊದಲು ಮಾರ್ಕ್ಸ್ ಕಾರ್ಡ್ ಇಟ್ಟ ಬೀರುವಿನ ಹತ್ತಿರ ಹೋಗಿ

ಪ್ರಶ್ನೆ: ಮೇಡಂ, ನನ್ನ ಮಗನಿಗೆ 17 ವರ್ಷ, ಎರಡನೇ ಪಿಯುಸಿ. ಕ್ರಿಕೆಟ್ ಗಲಾಟೆಯಲ್ಲಿ ಒಬ್ಬ ಹುಡುಗನಿಗೆ ಚಾಕು ಬಿದ್ದಿದೆ. ಮಗನನ್ನೂ ಜೊತೆಗಿದ್ದ ಇಬ್ಬರು ದೊಡ್ಡ ಹುಡುಗರನ್ನೂ ಠಾಣೆಗೆ ಕರೆದೊಯ್ದಿದ್ದಾರೆ. ಎಲ್ಲರಿಗೂ 19 ಅಂತ ಬರೆದುಕೊಂಡಿದ್ದಾರಂತೆ. ನಮ್ಮೂರ ಮುಖಂಡರೊಬ್ಬರು, ‘ಇದು ಹಾಫ್ ಮರ್ಡರ್, ದೊಡ್ಡವರ ಥರಾನೇ ಜೈಲು. ಎರಡು ಲಕ್ಷ ಕೊಡಿ, ಮುಗಿಸ್ತೀನಿ’ ಅನ್ನುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಂದೆ, ತುಮಕೂರು ಜಿಲ್ಲೆ

ಉತ್ತರ: ಇಂಥ ಪತ್ರ ಎಷ್ಟು ಬಂದಿವೆಯೋ. ಊರು ಬೇರೆ, ಮೊತ್ತ ಬೇರೆ, ಮುಖಂಡರ ಡೈಲಾಗ್ ಮಾತ್ರ ಒಂದೇ. ದುಡ್ಡು ಒಳಗಿಡಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹೊರಗೆ ತೆಗೆಯಿರಿ.

ಘಟನೆ ನಡೆದ ದಿನ ಮಗನಿಗೆ 18 ತುಂಬಿತ್ತೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಮೊದಲ ಪುರಾವೆ ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಹಿಡಿದುಕೊಂಡು ಓಡಬೇಡಿ. ವಯಸ್ಸು ನಿರ್ಧರಿಸಲು ಅದು ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಮಾರ್ಕ್ಸ್ ಕಾರ್ಡಿನ ಜೆರಾಕ್ಸನ್ನು ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂಥ ಅಧಿಕಾರಿ ಪ್ರತಿ ಠಾಣೆಯಲ್ಲೂ ಇರಬೇಕು. ಒರಿಜಿನಲ್ ಕೈಬಿಡಬೇಡಿ. ಹುಡುಗನನ್ನು ಈಗಾಗಲೇ ದೊಡ್ಡವರ ಕೋರ್ಟಿಗೆ ಹಾಜರುಪಡಿಸಿದ್ದರೆ ಅಲ್ಲೇ ಈ ಮಾತು ಎತ್ತಿಸಿ. ವಯಸ್ಸಿನ ಪ್ರಶ್ನೆಯನ್ನು ಯಾವ ಹಂತದಲ್ಲಾದರೂ ಎತ್ತಬಹುದು.

18 ತುಂಬದವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ 18 ತುಂಬದವರ ಪ್ರಕರಣ ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಷ್ಟರೊಳಗೆ ‘ಸಹಿ ಹಾಕಿಬಿಡು ಮಗಾ, ಮನೆಗೆ ಹೋಗೋಣ’ ಎಂದು ನೀವೇ ಪುಸಲಾಯಿಸಬೇಡಿ. ಹೇಳಿಕೆಗೆ ಸಹಿ ಮಾಡೆಂದು ಅವನನ್ನು ಬಲವಂತ ಮಾಡುವಂತಿಲ್ಲ. ವಕೀಲರಿಗೆ ದುಡ್ಡಿಲ್ಲವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಇನ್ನು ಆ ‘ಹಾಫ್ ಮರ್ಡರ್’. ಅಂದರೆ ಕೊಲೆಯತ್ನ: ಹಳೆಯ ಐಪಿಸಿಯ 307, ಈಗಿನ ಭಾರತೀಯ ನ್ಯಾಯ ಸಂಹಿತೆಯ 109. 16 ದಾಟಿದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬ ಪ್ರಶ್ನೆ ಏಳುವುದು ‘ಘೋರ’ ಅಪರಾಧಗಳಲ್ಲಿ ಮಾತ್ರ. ಅಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವಂಥವು. ಸಾಮಾನ್ಯ ಕೊಲೆಯತ್ನಕ್ಕೆ ಅಂಥ ಕನಿಷ್ಠ ಶಿಕ್ಷೆಯಿಲ್ಲ. ಅದು ‘ಗಂಭೀರ’ ಅಪರಾಧ, ಮಂಡಳಿಯಲ್ಲೇ ತೀರ್ಮಾನವಾಗಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2021ರ ತಿದ್ದುಪಡಿಯಲ್ಲಿ ಕಾಯ್ದೆಗೇ ಸೇರಿತು. ಮುಖಂಡರಿಗೆ ಇದು ಗೊತ್ತಿಲ್ಲ, ಅಥವಾ ಚೆನ್ನಾಗಿ ಗೊತ್ತಿದೆ. ಆದರೆ ಚಾಕು ತೋರಿಸಿ ಮೊಬೈಲ್ ಕಿತ್ತುಕೊಂಡರೆಂದು 311ನೇ ಕಲಂ ಸೇರಿದರೆ ಲೆಕ್ಕವೇ ಬದಲು, ಅಲ್ಲಿ ಕನಿಷ್ಠ ಏಳು ವರ್ಷ. ಗಾಯಗೊಂಡವನು ತೀರಿಕೊಂಡು ಕೊಲೆಯ ಕಲಂ ಸೇರಿದರೂ ಲೆಕ್ಕ ಬದಲು. ಹಾಗಾಗಿ ಎಫ್‌ಐಆರ್ ಪ್ರತಿ ತೆಗೆದುಕೊಂಡು ಕಲಂಗಳನ್ನು ಒಂದೊಂದಾಗಿ ಓದಿಸಿ.

ಮಂಡಳಿಯಲ್ಲಿ ಜಾಮೀನೇ ನಿಯಮ, ಅಪರಾಧ ಜಾಮೀನುರಹಿತವಾಗಿದ್ದರೂ. ಹುಡುಗ ಮತ್ತೆ ಪುಂಡರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಇಲ್ಲವೇ ನ್ಯಾಯಕ್ಕೆ ಧಕ್ಕೆಯಾಗುತ್ತದೆ ಅನ್ನಿಸಿದರೆ ಮಾತ್ರ ನಿರಾಕರಿಸಿ, ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ವೀಕ್ಷಣಾಲಯಕ್ಕೆ ಕಳಿಸಬಹುದು. ಆ ಇಬ್ಬರು ದೊಡ್ಡ ಹುಡುಗರು ನಿಮ್ಮ ಬೀದಿಯವರೇ ಆಗಿದ್ದರೆ ಇಲ್ಲೇ ತೊಡಕು. ಹುಡುಗನನ್ನು ಸೋದರಮಾವನ ಊರಿಗೆ ಕಳಿಸುತ್ತೀರೋ, ಪರೀಕ್ಷೆ ಹೇಗೆ ಬರೆಸುತ್ತೀರೋ, ಯಾರು ಕಾಯುತ್ತಾರೋ ಯೋಚಿಸಿಕೊಂಡು ಹೋಗಿ. ಸಾಮಾಜಿಕ ತನಿಖಾ ವರದಿ ಬರೆಯಲು ಪ್ರೊಬೇಷನ್ ಅಧಿಕಾರಿ ಮನೆಗೆ ಬಂದಾಗ ‘ನಮ್ಮ ಹುಡುಗ ದೇವರಂಥೋನು’ ಎನ್ನಬೇಡಿ. ಪಕ್ಕದ ಮನೆಯವರನ್ನೂ ಅವರು ಕೇಳುತ್ತಾರೆ. ಗಾಂಜಾ ಇದ್ದರೆ ಗಾಂಜಾ ಎನ್ನಿ, ಅಪ್ಪನ ಕುಡಿತ ಇದ್ದರೆ ಅದನ್ನೂ ಹೇಳಿ.

ಗಾಯಗೊಂಡ ಹುಡುಗನ ಮನೆಗೆ ಹಣ್ಣು ಹಿಡಿದು ರಾಜಿಗೆ ಹೋಗಬೇಡಿ. ನಾಳೆ ಅದು ಸಾಕ್ಷಿಗೆ ಬೆದರಿಕೆ ಎಂದು ಕಡತ ಸೇರುತ್ತದೆ. ಮಗನ ಫೋನಿನಿಂದ ಏನನ್ನೂ ಅಳಿಸಬೇಡಿ. 2024ರ ಮೇ ತಿಂಗಳ ಪುಣೆಯ ಪೋರ್ಷೆ ಕಾರು ಪ್ರಕರಣ ನೆನಪಿದೆಯಲ್ಲ? ಕಾರು ಓಡಿಸಿದ ಆರೋಪ 17ರ ಹುಡುಗನ ಮೇಲೆ. ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ಜೈಲು ಸೇರಿದ್ದು ತಂದೆ, ತಾಯಿ, ವೈದ್ಯರು.

ಪ್ರಶ್ನೆ: ಜಾತಕದ ಪ್ರಕಾರ ಮಗನಿಗೆ ಇನ್ನೂ 17. ಶಾಲೆಯಲ್ಲಿ ಮೇಷ್ಟ್ರು ಜೂನ್ 1 ಅಂತ ಹಾಕಿದ್ದರಿಂದ 18 ಆಗಿದೆ.

ಉತ್ತರ: ಜಾತಕ ದೇವರ ಕೋಣೆಯಲ್ಲಿರಲಿ. ‘ಹೊಸ’ ಜನನ ಪ್ರಮಾಣಪತ್ರ ಮಾಡಿಸಿಕೊಡುತ್ತೇನೆನ್ನುವ ಏಜೆಂಟನ ನಂಬರನ್ನೂ ಅಳಿಸಿ.

ಪ್ರಶ್ನೆ: ಹುಡುಗಿಗೆ 16, ನಮ್ಮವನಿಗೆ 17. ಪೋಕ್ಸೋ ಹಾಕಿದ್ದಾರೆ. ಮದುವೆ ಮಾಡಿದರೆ ಮುಗಿಯುತ್ತದೆ ಎನ್ನುತ್ತಾರೆ ಹಿರಿಯರು.

ಉತ್ತರ: ಮುಗಿಯುವುದಿಲ್ಲ, ಎರಡನೇ ಕೇಸು ಶುರುವಾಗುತ್ತದೆ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆ ಹಿರಿಯರೂ ಆರೋಪಿಗಳಾದಾರು.

ಪ್ರಶ್ನೆ: ಮುಂದೆ ಸರ್ಕಾರಿ ಕೆಲಸ ಸಿಗುತ್ತದೆಯೇ?

ಉತ್ತರ: ಮಂಡಳಿಯಲ್ಲೇ ಮುಗಿದ ಪ್ರಕರಣದಿಂದ ಅನರ್ಹತೆ ಅಂಟುವುದಿಲ್ಲ, ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ಓದಿ. 16 ದಾಟಿ, ವಯಸ್ಕನಂತೆ ಮಕ್ಕಳ ನ್ಯಾಯಾಲಯದಲ್ಲಿ ತಪ್ಪಿತಸ್ಥನಾದವನಿಗೆ ಈ ರಕ್ಷಣೆಯಿಲ್ಲ.

ಪ್ರಶ್ನೆ: ಮಗ ನಿರಪರಾಧಿ ಎಂದು ಫೋಟೊ ಸಮೇತ ವಾಟ್ಸ್ಆ್ಯಪ್‌ನಲ್ಲಿ ಹಾಕಲೇ?

ಉತ್ತರ: ಬೇಡ. ಅವನ ಗುರುತು ಬಯಲಾಗದಂತೆ ಕಾನೂನು ಕಾಯುತ್ತಿರುವಾಗ ನೀವೇ ಡಂಗುರ ಸಾರುತ್ತೀರಾ?

ಪ್ರಶ್ನೆ: ಹದಿನಾರರ ಮಗ ಸ್ಕೂಟರ್‌ನಲ್ಲಿ ಟ್ಯೂಷನ್‌ಗೆ ಮಾತ್ರ ಹೋಗುತ್ತಾನೆ. ಹಿಡಿದರೆ?

ಉತ್ತರ: ಕೇಸು ನಿಮ್ಮ ಮೇಲೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಕೀಲಿ ಕಸಿದುಕೊಳ್ಳಿ.